ಮೂರು ದನ ಕಂದು ಹಾಕಿದವು, ಕೈಗೆ ಸಿಕ್ಕಿದ್ದು ಒಂದೇ ಭ್ರೂಣ: ಸಿರ್ಸಿ ಸೀಮೆಯ ಒಂದು ಪ್ರಕರಣ ಅಧ್ಯಯನ

ಸಿರ್ಸಿ ಸುತ್ತಿನ ಅಡಿಕೆ ಸೀಮೆಯಲ್ಲಿ ಗಬ್ಬದ ದನ ಕಂದು ಹಾಕಿತೆಂದರೆ (ದಿನ ತುಂಬುವ ಮೊದಲೇ ಗರ್ಭಪಾತವಾಯಿತೆಂದರೆ) ಎಲ್ಲರ ಬಾಯಿಗೆ ಮೊದಲು ಬರುವ ಹೆಸರು ‘ಕಂದು ರೋಗ’, ಅಂದರೆ ಬ್ರುಸೆಲ್ಲಾ. ಹಾಗೆ ಅನುಮಾನಿಸುವುದು ತಪ್ಪಲ್ಲ. ಆದರೆ ಒಂದು ಹನಿ ಸೀರಂ (ರಕ್ತದ ತಿಳಿ) ಪರೀಕ್ಷೆಯಲ್ಲಿ ಬ್ರುಸೆಲ್ಲಾ ಇಲ್ಲವೆಂದು ಬಂದ ಕೂಡಲೇ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ‘ಯಾವುದೋ ವೈರಸ್ ಇರಬೇಕು’ ಎಂಬಲ್ಲಿಗೆ ಮುಗಿಯುತ್ತದೆ. ಯಾವ ವೈರಸ್, ಅದು ಭ್ರೂಣದೊಳಗೆ ಇತ್ತೇ ಅಥವಾ ತಾಯಿಯ ರಕ್ತದಲ್ಲಿ ಅದರ ಹಳೆಯ ಗುರುತಷ್ಟೇ ಇತ್ತೇ ಎಂಬುದನ್ನು ಬಿಡಿಸಿ ನೋಡುವುದೇ ರೋಗಪತ್ತೆ. ಈ ಭಾಗದಲ್ಲಿ ಕಾಣಸಿಗುವ ಸನ್ನಿವೇಶಗಳನ್ನು ಒಂದು ಕೊಟ್ಟಿಗೆಗೆ ಹೊಂದಿಸಿ, ಕ್ಷೇತ್ರದ ಪಶುವೈದ್ಯರಿಗೂ ಹೈನುಗಾರರಿಗೂ ಉಪಯೋಗವಾಗಲೆಂದು ಈ ಪ್ರಕರಣವನ್ನು ಜೋಡಿಸಿದೆ. ದಿನಾಂಕ, ಅಳತೆಗಳನ್ನು ವಿಚಾರಣೆಯ ದಾರಿ ಕಾಣುವಂತೆ ಇಟ್ಟಿದೆ.

ಕೊಟ್ಟಿಗೆ ಮತ್ತು ಘಟನೆ

ಮನೆಯ ಹಿಂದೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟ. ದೊಡ್ಡ ಕೊಟ್ಟಿಗೆಯಲ್ಲಿ ಮನೆಯ ಐದು ಮಿಶ್ರತಳಿ ಹಸುಗಳು: ಗೌರಿ, ತುಂಗೆ, ಕಪಿಲೆ, ಭದ್ರೆ, ಶರಾವತಿ. ಮೇ 12ರಂದು ಬಯಲುಸೀಮೆಯಿಂದ ವಾಹನದಲ್ಲಿ ತಂದ, ನಾಲ್ಕು ತಿಂಗಳ ಗಬ್ಬದ ಎರಡು ಕಡಸುಗಳನ್ನೂ ಅದೇ ಕೊಟ್ಟಿಗೆಯಲ್ಲಿ ಕಟ್ಟಿದ್ದರು. ಬೆಟ್ಟದ ಬುಡದ ಬೇರೆ ಮಾಡಿನಲ್ಲಿ ಮಲೆನಾಡು ಗಿಡ್ಡ ಎಂಬ ಸ್ಥಳೀಯ ತಳಿಯ ಮೂರು ದನ. ಅವು ಬೆಟ್ಟಕ್ಕೆ ಮೇಯಲು ಹೋಗಿ ಬರುವಂಥವು, ದೊಡ್ಡ ಕೊಟ್ಟಿಗೆಯ ದನಗಳೊಂದಿಗೆ ಬೆರೆಯುವುದಿಲ್ಲ. ಒಟ್ಟು ಹತ್ತು ದೊಡ್ಡ ದನ, ನಾಲ್ಕು ಕರು. ಯಾವುದಕ್ಕೂ ಐಬಿಆರ್ (ದನಗಳ ಮೂಗು, ಶ್ವಾಸನಾಳಕ್ಕೆ ಬರುವ ಸಾಂಕ್ರಾಮಿಕ ವೈರಸ್ ರೋಗ) ಲಸಿಕೆ ಹಾಕಿಸಿಲ್ಲ.

ಜುಲೈ 9ರಂದು ಗೌರಿ ಕಂದು ಹಾಕಿತು. ಕೃತಕ ಗರ್ಭಧಾರಣೆಯ ಚೀಟಿಯ ಪ್ರಕಾರ ಅದಕ್ಕೆ 195 ದಿನ ತುಂಬಿತ್ತು. ಭ್ರೂಣವನ್ನು ಗೊಬ್ಬರಗುಂಡಿಗೆ ಹಾಕಿದರು, ಮಾಸನ್ನು ನಾಯಿ ಎಳೆದೊಯ್ದಿತು. ರಕ್ತ ತೆಗೆದು ಬ್ರುಸೆಲ್ಲಾಕ್ಕೆ ರೋಸ್ ಬೆಂಗಾಲ್ ಪರೀಕ್ಷೆ ಮಾಡಿದಾಗ ನೆಗೆಟಿವ್ ಬಂತು. ಉಳಿದ ಸೀರಂ ಇಟ್ಟುಕೊಳ್ಳಲಿಲ್ಲ.

ಜುಲೈ 24ರಂದು ತುಂಗೆಯ ಸರದಿ, 208 ದಿನಕ್ಕೆ. ರಾತ್ರಿ ಬಿದ್ದ ಭ್ರೂಣವನ್ನು ಬೆಳಗಾಗುವ ಮೊದಲೇ ಹುಗಿದುಬಿಟ್ಟಿದ್ದರು. ಮಾಸು ಮಾತ್ರ ಬಿದ್ದಿರಲಿಲ್ಲ. ಮರುದಿನ ಕೈಗೆ ಬಂದ ಮಾಸಿನ ತುಂಡು ಮತ್ತು ರಕ್ತ ಸಿಕ್ಕವು.

ಆಗಸ್ಟ್ 5ರ ಬೆಳಗಿನ ಜಾವ ಕಪಿಲೆ ಕಂದು ಹಾಕಿತು. ಫೆಬ್ರುವರಿ 18ಕ್ಕೆ ಕಟ್ಟಿಸಿದ್ದರಿಂದ ಲೆಕ್ಕಕ್ಕೆ 168 ದಿನ. ಈ ಸಲ ಮನೆಯವರಿಗೆ ಮೊದಲೇ ಹೇಳಿಟ್ಟಿದ್ದರಿಂದ ಭ್ರೂಣವನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ, ಬೇರೆ ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಲದ ಹೊರಗೆ ಮಂಜುಗಡ್ಡೆ ಇಟ್ಟು, ನಾಯಿ ಮುಟ್ಟದ ಹಾಗೆ ಬುಟ್ಟಿ ಕವುಚಿ ಇಟ್ಟಿದ್ದರು. ಪ್ರಕರಣ ಬಿಡಿಸಿದ್ದು ಈ ಬುಟ್ಟಿಯೇ.

ಮರುದಿನ ಉಳಿದ ದನಗಳ ಗಬ್ಬ ತಪಾಸಣೆ ನಡೆಯಿತು. ಮೇ 5ಕ್ಕೆ ಕಟ್ಟಿಸಿ, ಬೆದೆಗೆ ಮರಳದ ಕಾರಣ ಗಬ್ಬವೆಂದೇ ನಂಬಿದ್ದ ಭದ್ರೆ ಖಾಲಿ. ಶರಾವತಿ ಏಪ್ರಿಲ್‌ನಲ್ಲಿ ಕರು ಹಾಕಿ ಹಾಲು ಕೊಡುತ್ತಿತ್ತು. ಕಡಸುಗಳೆರಡರ ಗಬ್ಬವೂ ಸರಿಯಿತ್ತು.

ಕೇಳದೆ ಸಿಗದ ಮಾಹಿತಿ

ಕಂದು ಹಾಕಿದ ದಿನದ ಸುತ್ತಮುತ್ತಲನ್ನಷ್ಟೇ ವಿಚಾರಿಸುವುದು ಎಲ್ಲೆಡೆ ನಡೆಯುವ ತಪ್ಪು. ವೈರಸ್‌ನಿಂದ ಆಗುವ ಗರ್ಭಪಾತದಲ್ಲಿ ಸೋಂಕು ತಗುಲಿದ ದಿನಕ್ಕೂ ಭ್ರೂಣ ಬೀಳುವ ದಿನಕ್ಕೂ ವಾರಗಟ್ಟಲೆ, ಕೆಲವೊಮ್ಮೆ ಮೂರು ತಿಂಗಳವರೆಗೂ ಅಂತರವಿರುತ್ತದೆ. ಹಿಂದಿನ ನೂರು ದಿನದ ಕಥೆ ಬೇಕು: ಹೊಸ ದನ ಬಂತೇ, ಯಾವುದಕ್ಕಾದರೂ ಜ್ವರ ಬಂದಿತ್ತೇ, ಹಾಲು ಇದ್ದಕ್ಕಿದ್ದಂತೆ ಇಳಿದಿತ್ತೇ, ಊರ ಹೋರಿ ಹಾರಿತ್ತೇ, ಹಿಂಡಿ ಬದಲಾಗಿತ್ತೇ, ಯಾವ ಇಂಜೆಕ್ಷನ್ ಕೊಟ್ಟರು?

ಜ್ವರ ಬಂದಿತ್ತೇ ಎಂದಾಗ ಮನೆಯವರು ಇಲ್ಲವೆಂದರು. ಡೇರಿಯ ಹಾಲಿನ ಪಟ್ಟಿ ತೆಗೆದು ನೋಡಿದರೆ ಮೇ ಕೊನೆಯ ಹತ್ತು ದಿನ ಹಾಲು ಇಳಿದದ್ದು ಕಂಡಿತು. ಅದನ್ನು ತೋರಿಸಿ ಕೇಳಿದಾಗ ಮನೆಯ ಅಮ್ಮ ಹೇಳಿದ್ದು: “ಹೊಸ ಮಳೆಗೆ ಥಂಡಿ ಆಗಿತ್ತು ಡಾಕ್ಟ್ರೇ, ಅದು ಪ್ರತಿ ವರ್ಷ ಆಗ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಮೊದಲು ಹೊಸ ಕಡಸಿಗೇ ಬಂದಿದ್ದು.”

ಕಡಸುಗಳು ಬಂದ ಎಂಟು ಹತ್ತು ದಿನಕ್ಕೆ ಥಂಡಿ, ಅಲ್ಲಿಂದ ಸುಮಾರು 50 ದಿನಕ್ಕೆ ಮೊದಲ ಗರ್ಭಪಾತ, 75 ದಿನದ ಹೊತ್ತಿಗೆ ಮೂರನೆಯದು. ಬೋವೈನ್ ಹರ್ಪಿಸ್ ವೈರಸ್-1, ಅಂದರೆ ಐಬಿಆರ್ ಎಂದು ಎಲ್ಲರೂ ಕರೆಯುವ ರೋಗದ ವೈರಸ್, ಹೀಗೆಯೇ ನಡೆದುಕೊಳ್ಳುತ್ತದೆ. ಒಮ್ಮೆ ಸೋಂಕಿದ ದನದ ನರಗಂಟುಗಳಲ್ಲಿ, ಮುಖ್ಯವಾಗಿ ಮುಖದ ನರದ ಬುಡದಲ್ಲಿ, ಅದು ಜೀವಮಾನವಿಡೀ ಅಡಗಿರುತ್ತದೆ. ದೂರದ ಪ್ರಯಾಣ, ಕರು ಹಾಕುವುದು, ಸ್ಟೀರಾಯ್ಡ್ ಚುಚ್ಚುಮದ್ದು ಇಂಥ ಒತ್ತಡಕ್ಕೆ ಎಚ್ಚೆತ್ತು ಮೂಗಿನ ಸ್ರಾವದಲ್ಲಿ ಹೊರಬೀಳುತ್ತದೆ. ವೈರಸ್ ತಂದ ಕಡಸು ಸಾಮಾನ್ಯವಾಗಿ ಕಂದು ಹಾಕುವುದಿಲ್ಲ, ಏಕೆಂದರೆ ಅದರ ಮೈಯಲ್ಲಿ ಮೊದಲೇ ರೋಗನಿರೋಧಕ ಶಕ್ತಿ ಇರುತ್ತದೆ. ಪೆಟ್ಟು ಬೀಳುವುದು ವೈರಸ್ಸನ್ನು ಕಂಡೇ ಇರದ ಮನೆಯ ಗಬ್ಬದ ಹಸುಗಳಿಗೆ. ‘ತಂದ ದನಕ್ಕೆ ಏನೂ ಆಗಿಲ್ಲವಲ್ಲ’ ಎಂಬ ವಾದ ಇಲ್ಲಿ ನಿಲ್ಲದು.

ಇಷ್ಟಾದರೂ ಇದು ಅನುಮಾನವೇ. ಕಥೆ ಎಷ್ಟೇ ಚೆನ್ನಾಗಿ ಹೊಂದಿದರೂ ಅದು ಸಾಕ್ಷಿಯಾಗದು.

ಅನುಮಾನದ ಪಟ್ಟಿ

ಭ್ರೂಣ ಎಷ್ಟು ತಿಂಗಳಿನದು, ನೋಡಲು ಹೇಗಿದೆ ಎಂಬೆರಡರಿಂದಲೇ ಪಟ್ಟಿ ಸಣ್ಣದಾಗುತ್ತದೆ. ಐಬಿಆರ್ ಗರ್ಭಪಾತ ಹೆಚ್ಚಾಗಿ ನಾಲ್ಕನೇ ತಿಂಗಳ ನಂತರ, ಅದರಲ್ಲೂ ಐದರಿಂದ ಎಂಟರೊಳಗೆ. ಭ್ರೂಣ ಹೊಟ್ಟೆಯೊಳಗೇ ಸತ್ತು ಎರಡರಿಂದ ಏಳು ದಿನ ಕಳೆದು ಬೀಳುವುದರಿಂದ ಕೊಳೆತಿರುತ್ತದೆ.

ಬಿವಿಡಿ (ದನಗಳ ವೈರಲ್ ಭೇದಿ) ವೈರಸ್ ಬೇರೆಯೇ ಬಗೆಯದು. ಸೋಂಕು ತಗುಲಿದ ದಿನವೇ ಅಲ್ಲಿ ಎಲ್ಲವನ್ನೂ ನಿರ್ಧರಿಸುತ್ತದೆ. ತೀರ ಆರಂಭದಲ್ಲಾದರೆ ಭ್ರೂಣ ಕರಗಿಹೋಗಿ ದನ ಮತ್ತೆ ಬೆದೆಗೆ ಬರುತ್ತದೆ. ಸುಮಾರು 40ರಿಂದ 125 ದಿನದೊಳಗಾದರೆ ಭ್ರೂಣ ಆ ವೈರಸ್ಸನ್ನು ತನ್ನದೇ ಎಂದು ಒಪ್ಪಿಕೊಂಡು, ಹುಟ್ಟಿದ ಮೇಲೂ ಬದುಕಿಡೀ ವೈರಸ್ ಸುರಿಸುವ ‘ಸ್ಥಾಯಿ ಸೋಂಕಿನ ಕರು’ವಾಗುತ್ತದೆ. 100ರಿಂದ 150 ದಿನದ ಆಸುಪಾಸಿನಲ್ಲಾದರೆ ಕಣ್ಣಪೊರೆ, ಕಿರುಮೆದುಳು ಬೆಳೆಯದಿರುವುದು ಇಂಥ ವಿಕಾರಗಳು. ಹಾಗಾಗಿ ಬಿವಿಡಿ ಹುಡುಕುವಾಗ ಸತ್ತ ಭ್ರೂಣದಷ್ಟೇ ಮುಖ್ಯವಾದುದು ಕೊಟ್ಟಿಗೆಯ ಮೂಲೆಯಲ್ಲಿ ಬೆಳವಣಿಗೆ ಕುಂಠಿತವಾಗಿ ನಿಂತ ಬಡಕಲು ಕರು.

ಅಕಬಾನೆ ಮತ್ತು ನೀಲಿ ನಾಲಿಗೆ ವೈರಸ್‌ಗಳನ್ನು ಹರಡುವುದು ಕ್ಯುಲಿಕಾಯ್ಡಿಸ್ ಎಂಬ ಸಣ್ಣ ನುಸಿ. ಮಲೆನಾಡಿನ ಮಳೆಗಾಲದಲ್ಲಿ ಸಗಣಿ, ಒದ್ದೆ ಸೊಪ್ಪಿನ ನಡುವೆ ಅವಕ್ಕೆ ಕೊರತೆಯಿಲ್ಲ. ಆದರೆ ಅವು ಮೆದುಳನ್ನು ಟೊಳ್ಳಾಗಿಸುತ್ತವೆ, ಅಕಬಾನೆಯಾದರೆ ಕಾಲಿನ ಕೀಲುಗಳು ಸೆಟೆದಿರುತ್ತವೆ. ಕಪಿಲೆಯ ಭ್ರೂಣದ ಕಾಲು ನೆಟ್ಟಗಿದ್ದವು, ತಲೆಬುರುಡೆ ತೆರೆದಾಗ ಮೆದುಳು ತುಂಬಿತ್ತು. ಅವುಗಳ ಪರೀಕ್ಷೆಗೆ ಹಣ ಖರ್ಚು ಮಾಡದೆ ಮೆದುಳನ್ನು ಮಾತ್ರ ಕಾದಿರಿಸಲಾಯಿತು. ಚರ್ಮಗಂಟು ರೋಗ, ಕಾಲುಬಾಯಿ ಜ್ವರ, ಮೂರು ದಿನದ ಜ್ವರ ಇವು ತೀವ್ರ ಜ್ವರದಿಂದಲೇ ಗರ್ಭಪಾತ ಮಾಡಿಸಬಲ್ಲವು. ಆದರೆ ಮೈಮೇಲೆ ಗಂಟು, ಬಾಯಿ ಗೊರಸಿನ ಹುಣ್ಣು, ಕುಂಟುವಿಕೆ ಯಾವುದೂ ಇರಲಿಲ್ಲ.

ವೈರಸ್ ಅಲ್ಲದವನ್ನು ಬಿಡುವ ಹಾಗಿಲ್ಲ. ಬ್ರುಸೆಲ್ಲಾ, ಮಳೆನೀರು, ಇಲಿ, ಗದ್ದೆ ಇರುವ ಕಡೆಯ ಲೆಪ್ಟೊಸ್ಪೈರಾ, ನಾಯಿಯ ಹೇಲಿನಿಂದ ಬರುವ, ಐದಾರು ತಿಂಗಳಲ್ಲೇ ಹೆಚ್ಚು ಗರ್ಭಪಾತ ಮಾಡಿಸುವ ನಿಯೋಸ್ಪೋರಾ, ಉಣ್ಣೆಯಿಂದ ಹರಡುವ ಥೈಲೇರಿಯಾ, ಬೂಷ್ಟು ಹಿಡಿದ ಹುಲ್ಲು, ಹಿಂಡಿ. ಇದೇ ಕೊಟ್ಟಿಗೆಯ ಅಟ್ಟದಲ್ಲಿ ಒದ್ದೆಯಾಗಿ ಬೂಷ್ಟು ಬಂದ ಹುಲ್ಲಿನ ಹೊರೆಗಳೂ ಇದ್ದವು. ಇದರ ಮಾತು ಮುಂದೆ ಬರುತ್ತದೆ.

ಮಾದರಿ ತೆಗೆದ ಕ್ರಮ

ಕಂದು ಹಾಕಿದ ಪ್ರತಿ ದನವೂ ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ಇದ್ದದ್ದೇ ಎಂದುಕೊಂಡು ಕೈಹಾಕಬೇಕು. ಮೊಣಕೈ ಮೇಲಿನವರೆಗೆ ಉದ್ದ ಕೈಗವಸು, ಅದರ ಮೇಲೆ ಇನ್ನೊಂದು ಜೊತೆ ಸಣ್ಣ ಕೈಗವಸು, ಮಾಸ್ಕ್, ಕಣ್ಣಿಗೆ ಕನ್ನಡಕ, ಪ್ಲಾಸ್ಟಿಕ್ ಏಪ್ರನ್, ಗಂಬೂಟು. ಬಸುರಿ ಹೆಂಗಸರು, ಮಕ್ಕಳು ಹತ್ತಿರ ಬರಬಾರದು. ತುಂಗೆಯ ಮಾಸನ್ನು ಮನೆಯವರು ಬರಿಗೈಯಲ್ಲಿ ಎಳೆಯಲು ನೋಡಿದ್ದರು. ಮುಂದಿನ ಕೆಲವು ತಿಂಗಳಲ್ಲಿ ಜ್ವರ, ಕೀಲುನೋವು ಬಂದರೆ ವೈದ್ಯರಿಗೆ ಈ ವಿಷಯ ಹೇಳಲೇಬೇಕೆಂದು ಬರೆದುಕೊಡಲಾಯಿತು.

ಮೊದಲು ಅಳತೆ. ನೆತ್ತಿಯಿಂದ ಬಾಲದ ಬುಡದವರೆಗೆ 39 ಸೆಂ.ಮೀ. ತಿಂಗಳ ಸಂಖ್ಯೆಯನ್ನು ಅದಕ್ಕೆ ಎರಡು ಕೂಡಿಸಿದ ಸಂಖ್ಯೆಯಿಂದ ಗುಣಿಸಿದರೆ ಭ್ರೂಣದ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆಂಬ ಹಳೆಯ ಲೆಕ್ಕವಿದೆ. 5.3ನ್ನು 7.3ರಿಂದ ಗುಣಿಸಿದರೆ ಹತ್ತಿರ ಹತ್ತಿರ 39. ಅಂದರೆ ಬೆಳವಣಿಗೆ ನಿಂತದ್ದು 161ನೇ ದಿನದ ಸುಮಾರಿಗೆ, ಬಿದ್ದದ್ದು 168ಕ್ಕೆ. ತಳಿಯಿಂದ ತಳಿಗೆ ಅಳತೆ ಬದಲಾಗುವುದರಿಂದ ಈ ಲೆಕ್ಕವನ್ನು ಎಳೆದಾಡಬಾರದು. ಆದರೂ ಸತ್ತು ಕೆಲವು ದಿನ ಒಳಗೇ ಇತ್ತು ಎಂಬ ಮಾತಿಗೆ ಇದು ಹೊಂದುತ್ತದೆ. ಚರ್ಮದಡಿ ಕೆಂಪು ನೀರು, ಎದೆ ಹೊಟ್ಟೆಗಳಲ್ಲಿ ರಕ್ತ ಬೆರೆತ ದ್ರವ, ಮೂತ್ರಪಿಂಡದ ಸುತ್ತ ರಕ್ತಮಿಶ್ರಿತ ಬಾವು, ಯಕೃತ್ತಿನ ಮೇಲೆ ಸೂಜಿಮೊನೆಯಷ್ಟು ಬಿಳಿಚಿದ ಚುಕ್ಕೆಗಳು ಕಂಡವು. ಚುಕ್ಕೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಕೊಳೆಯುವಿಕೆಯಿಂದಲೂ ಆಗಬಹುದು.

ತೆಗೆಯುವ ಕ್ರಮ ಮುಖ್ಯ: ಶುದ್ಧವಾದದ್ದು ಮೊದಲು, ಕೊಳಕಾದದ್ದು ಕೊನೆಗೆ. ನಾಲ್ಕನೇ ಹೊಟ್ಟೆಯ ಮೇಲ್ಮೈಯನ್ನು ಕಾಸಿದ ಚಾಕುವಿನಿಂದ ಸುಟ್ಟು, ಹೊಸ ಸೂಜಿ ಚುಚ್ಚಿ 3 ಮಿಲೀ ದ್ರವ. ಬ್ಯಾಕ್ಟೀರಿಯಾ ಹುಡುಕಲು ಇದಕ್ಕಿಂತ ಒಳ್ಳೆಯ ಮಾದರಿ ಬೇರೆಯಿಲ್ಲ. ಎದೆಗೂಡಿನ ದ್ರವ 4 ಮಿಲೀ. ಆಮೇಲೆ ಶ್ವಾಸಕೋಶ, ಯಕೃತ್ತು, ಗುಲ್ಮ, ಥೈಮಸ್, ಮೂತ್ರಪಿಂಡ, ಅದರ ಮೇಲಿನ ಅಡ್ರಿನಲ್ ಗ್ರಂಥಿ, ಹೃದಯ, ಮೆದುಳು. ಒಂದೊಂದಕ್ಕೂ ಹೊಸ ಬ್ಲೇಡು, ಒಂದೊಂದಕ್ಕೂ ಬೇರೆ ಡಬ್ಬಿ. ಮಾಸಿನಿಂದ ಮೂರು ಗುಂಡಿಗಳನ್ನು (ಮಾಸು ಗರ್ಭಕೋಶಕ್ಕೆ ಅಂಟಿಕೊಳ್ಳುವ ಗಂಟುಗಳನ್ನು) ಸಲೈನಿನಲ್ಲಿ ಮೆಲ್ಲಗೆ ತೊಳೆದು ಕೊನೆಯಲ್ಲಿ ತೆಗೆಯಲಾಯಿತು. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಕಳಿಸಿದರೆ ಮಾಸಿನ ಹೊಲಸು ಯಕೃತ್ತಿಗೂ ತಗುಲಿ, ಪಿಸಿಆರ್ (ರೋಗಾಣುವಿನ ಆನುವಂಶಿಕ ವಸ್ತುವನ್ನು ಹುಡುಕುವ ಪರೀಕ್ಷೆ) ಪಾಸಿಟಿವ್ ಬಂದಾಗ ವೈರಸ್ ಭ್ರೂಣದ್ದೋ ತಾಯಿಯ ಯೋನಿಸ್ರಾವದ್ದೋ ಹೇಳಲಾಗದು.

ಪ್ರತಿ ಅಂಗದಿಂದ ಎರಡು ಪಾಲು. ಒಂದು ಪಾಲು ಹಸಿಯಾಗಿ, 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಇನ್ನೊಂದು ಪಾಲು ಅರ್ಧ ಸೆಂ.ಮೀ. ದಪ್ಪದ ಹೋಳುಗಳಾಗಿ 10% ಬಫರ್ ಫಾರ್ಮಲಿನ್‌ನಲ್ಲಿ, ಅಂಗದ ಹತ್ತು ಪಟ್ಟು ದ್ರವಕ್ಕೆ ಕಡಿಮೆಯಿಲ್ಲದಂತೆ. ಇಡೀ ಯಕೃತ್ತನ್ನು ಸಣ್ಣ ಬಾಟಲಿಗೆ ತುರುಕಿದರೆ ಹೊರಮೈ ಗಟ್ಟಿಯಾಗಿ ಒಳಗೆ ಕೊಳೆಯುತ್ತದೆ. ಫಾರ್ಮಲಿನ್ ಬಾಟಲಿಯನ್ನು ಮಂಜುಗಡ್ಡೆಗೆ ತಾಗಿಸಿ ಹೆಪ್ಪುಗಟ್ಟಿಸಿದರೆ ಜೀವಕೋಶಗಳು ಒಡೆದು ಸೂಕ್ಷ್ಮದರ್ಶಕಕ್ಕೆ ಉಪಯೋಗವಿಲ್ಲ. ಹಸಿ ಮಾದರಿಯನ್ನು ಮನೆಯ ಫ್ರೀಜರ್‌ನಲ್ಲಿಡುವುದೂ ಬೇಡ: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಕರಗುವುದು, ಗಟ್ಟುವುದು ನಡೆದರೆ ವೈರಸ್ಸನ್ನು ಜೀವಂತವಾಗಿ ಬೆಳೆಸುವ ಆಸೆ ಬಿಡಬೇಕು. ಎರಡು ದಿನದೊಳಗೆ ಪ್ರಯೋಗಾಲಯ ಮುಟ್ಟುವುದಾದರೆ ಐಸ್‌ಪ್ಯಾಕ್ ಇಟ್ಟ ಥರ್ಮೋಕೋಲ್ ಪೆಟ್ಟಿಗೆಯೇ ಉತ್ತಮ.

ಕಪಿಲೆಯಿಂದ ಕೆಂಪು ಮುಚ್ಚಳದ ಟ್ಯೂಬಿನಲ್ಲಿ 8 ಮಿಲೀ ರಕ್ತ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿನಲ್ಲಿ 4 ಮಿಲೀ. ಕೆಂಪು ಟ್ಯೂಬನ್ನು ಓರೆಯಾಗಿ ಒಂದೆರಡು ತಾಸು ಬಿಟ್ಟು, ಹೆಪ್ಪಾದ ಮೇಲೆ ಸೀರಂ ಬಸಿದು ಎರಡು ಪಾಲು ಮಾಡಲಾಯಿತು. ರಕ್ತವಿರುವಾಗಲೇ ಬೈಕಿನ ಡಿಕ್ಕಿಯಲ್ಲಿ ಕುಲುಕಿಸಿಕೊಂಡು ಹೋದರೆ ಕೆಂಪುಕಣ ಒಡೆದು ಎಲೈಸಾ (ಸೋಂಕಿಗೆ ಎದುರಾಗಿ ಮೈ ಕಟ್ಟುವ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ) ಕೆಡುತ್ತದೆ. ಅದೇ ದಿನ ಉಳಿದ ಒಂಬತ್ತು ದನಗಳ ಸೀರಂ ಕೂಡ. ರೋಗವಿಲ್ಲದವುಗಳ ರಕ್ತ ಯಾಕೆ ಎಂದು ಮನೆಯವರು ಕೇಳಿದರು. ರೋಗವಿಲ್ಲದವನ್ನು ನೋಡದೆ ರೋಗವಿದ್ದದ್ದರ ಫಲಿತಾಂಶಕ್ಕೆ ಅರ್ಥವೇ ಇಲ್ಲ.

ಪೆಟ್ಟಿಗೆಯನ್ನು ಮೂರು ಪದರದಲ್ಲಿ ಕಟ್ಟಿ, ಸೋರಿದರೆ ಹೀರಲು ನಡುವೆ ಹತ್ತಿ ತುಂಬಿ, ಮೇಲೆ ಚೀಟಿ ಅಂಟಿಸಲಾಯಿತು: ಗರ್ಭದ ದಿನ, ಕಂದು ಹಾಕಿದ ಗಂಟೆ, ಲಸಿಕೆಯ ವಿವರ, ಹಿಂದಿನ ನೂರು ದಿನದ ಘಟನೆಗಳು, ಯಾವ ಅಂಗಕ್ಕೆ ಯಾವ ಪರೀಕ್ಷೆ. ‘ಗರ್ಭಪಾತ, ಎಲ್ಲ ಪರೀಕ್ಷೆ ಮಾಡಿ’ ಎಂದಷ್ಟೇ ಬರೆದರೆ ಸಿಗುವುದು ಬ್ರುಸೆಲ್ಲಾ ಫಲಿತಾಂಶ ಮಾತ್ರ. ಈ ಜಿಲ್ಲೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ, ಬೆಂಗಳೂರು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ, ಯಲಹಂಕದ ನಿವೇದಿ ಎಂಬ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ಇವೆ. ಯಾವ ಪರೀಕ್ಷೆ ಎಲ್ಲಿ ನಡೆಯುತ್ತಿದೆ ಎಂದು ಫೋನಿನಲ್ಲಿ ಕೇಳಿ, ಶನಿವಾರ ತಲುಪದ ಹಾಗೆ ಕಳಿಸಬೇಕು.

ಸೀರಂ ಫಲಿತಾಂಶ ಮತ್ತು ಮೊದಲ ತಪ್ಪು ತೀರ್ಮಾನ

ಮೊದಲು ಬಂದದ್ದು ಐಬಿಆರ್ ಪ್ರತಿಕಾಯದ ಎಲೈಸಾ. ಗೌರಿ, ತುಂಗೆ, ಕಪಿಲೆ ಮೂರೂ ಪಾಸಿಟಿವ್. ‘ಸಿಕ್ಕಿತು, ಐಬಿಆರ್, ಲಸಿಕೆ ಹಾಕಿ’ ಎಂಬ ಸಲಹೆಯೂ ಕೂಡಲೇ ಬಂತು. ಉಳಿದ ಏಳರ ಫಲಿತಾಂಶ ಸೇರಿಸಿದಾಗ ಚಿತ್ರ ಬದಲಾಯಿತು. ಭದ್ರೆ, ಶರಾವತಿ, ಎರಡು ಕಡಸು, ಇವೂ ಪಾಸಿಟಿವ್. ಮೂರು ಗಿಡ್ಡ ನೆಗೆಟಿವ್. ಹತ್ತರಲ್ಲಿ ಏಳು.

ಹತ್ತರಲ್ಲಿ ಏಳಕ್ಕೆ ಪ್ರತಿಕಾಯ ಇರುವಾಗ, ಯಾವುದೇ ಸಂಬಂಧವಿಲ್ಲದೆ ಬರಿ ಆಕಸ್ಮಿಕವಾಗಿ ಮೂರು ದನ ಕಂದು ಹಾಕಿದರೂ, ಆ ಮೂರೂ ಏಳರೊಳಗೇ ಬೀಳುವ ಸಂಭವ 120ಕ್ಕೆ 35, ಅಂದರೆ ಶೇ 29. ಇದನ್ನು ಯಾರೂ ಪುರಾವೆ ಎನ್ನಲಾರರು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ: ಪಾಸಿಟಿವ್ ಏಳೂ ಒಂದೇ ಕೊಟ್ಟಿಗೆಯವು, ನೆಗೆಟಿವ್ ಮೂರೂ ಇನ್ನೊಂದು ಮಾಡಿನವು. ಬೂಷ್ಟು ಹುಲ್ಲು ತಿಂದದ್ದೂ ಅದೇ ಏಳು. ಹಿಂಡಿ, ನೀರಿನ ತೊಟ್ಟಿ, ಮಿಶ್ರತಳಿ, ಎಲ್ಲವೂ ಆ ಗೋಡೆಯ ಒಂದೇ ಬದಿಗಿವೆ. ಪ್ರತಿಕಾಯದ ಲೆಕ್ಕದಿಂದ ಐಬಿಆರ್ ಕಾರಣವೆನ್ನುವುದಾದರೆ ಅದೇ ಲೆಕ್ಕದಿಂದ ಹುಲ್ಲೂ ಕಾರಣ.

ಎರಡು ವಾರದ ಅಂತರದ ಜೋಡಿ ಸೀರಂ ನೋಡಿ, ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಹೊಸ ಸೋಂಕು ಎನ್ನುವ ಪಾಠ ಎಲ್ಲರಿಗೂ ಗೊತ್ತು. ಕಪಿಲೆಯ ಎರಡನೇ ಸೀರಂ ಆಗಸ್ಟ್ 26ಕ್ಕೆ ತೆಗೆದದ್ದು, ಏರಿಕೆ ಇರಲಿಲ್ಲ. ಇದರಿಂದ ‘ಐಬಿಆರ್ ಅಲ್ಲ’ ಎಂದರೆ ಅದೂ ತಪ್ಪೇ. ಭ್ರೂಣ ಬೀಳುವ ಹೊತ್ತಿಗೆ ತಾಯಿಗೆ ಸೋಂಕಾಗಿ ವಾರಗಳು ಕಳೆದಿರುತ್ತವೆ, ಪ್ರತಿಕಾಯ ಏರುವಷ್ಟು ಏರಿ ನಿಂತಿರುತ್ತದೆ. ಜ್ವರದ ರೋಗಕ್ಕೆ ಹೊಂದುವ ಪಾಠ ಗರ್ಭಪಾತಕ್ಕೆ ಹೊಂದುವುದಿಲ್ಲ.

ಹಾಗಾದರೆ ತಾಯಿಯ ಸೀರಂನಿಂದ ಏನು ಪ್ರಯೋಜನ? ನೆಗೆಟಿವ್ ಬಂದಾಗ ಅದು ಬಹಳ ಬಲವಾದ ಸಾಕ್ಷಿ. ಕಂದು ಹಾಕಿದ ಹಸುವಿನಲ್ಲಿ ಐಬಿಆರ್ ಪ್ರತಿಕಾಯ ಇಲ್ಲವೇ ಇಲ್ಲವೆಂದರೆ, ಎರಡು ವಾರ ಬಿಟ್ಟು ತೆಗೆದದ್ದರಲ್ಲೂ ಇಲ್ಲವೆಂದರೆ, ಐಬಿಆರ್ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಪಾಸಿಟಿವ್ ಬಂದರೆ ‘ಪಟ್ಟಿಯಲ್ಲಿ ಇನ್ನೂ ಇದೆ’ ಎಂದಷ್ಟೇ ಅರ್ಥ.

ಆ ಹೊತ್ತಿಗೆ ಲಸಿಕೆ ಹಾಕಿಬಿಟ್ಟಿದ್ದರೆ ಈ ದಾರಿಯೂ ಮುಚ್ಚುತ್ತಿತ್ತು. ಸಾಮಾನ್ಯ ಲಸಿಕೆಯಿಂದ ಬರುವ ಪ್ರತಿಕಾಯವನ್ನೂ ಕಾಡುವೈರಸ್‌ನಿಂದ ಬರುವುದನ್ನೂ ಮಾಮೂಲಿ ಎಲೈಸಾ ಬೇರ್ಪಡಿಸದು. ವೈರಸ್‌ನ ಜಿಇ ಎಂಬ ಪ್ರೋಟೀನ್ ತೆಗೆದ ಗುರುತು ಲಸಿಕೆಯಾದರೆ ಮಾತ್ರ ಜಿಇ ಎಲೈಸಾ ಅದನ್ನು ಹೇಳಬಲ್ಲದು. ಜೀವಂತ ಲಸಿಕೆಯನ್ನು ವೈರಸ್ ಕಂಡಿರದ ಗಬ್ಬದ ಗಿಡ್ಡಗಳಿಗೆ ಹಾಕಿದರೆ ಲಸಿಕೆಯೇ ಕಂದು ಹಾಕಿಸುವ ಅಪಾಯವೂ ಇದೆ.

ಭ್ರೂಣ ಹೇಳಿದ್ದು

ಕಪಿಲೆಯ ಭ್ರೂಣದ ಶ್ವಾಸಕೋಶ ಮತ್ತು ಯಕೃತ್ತಿನ ಮಿಶ್ರ ಮಾದರಿಯಲ್ಲಿ ಬೋವೈನ್ ಹರ್ಪಿಸ್ ವೈರಸ್-1ಕ್ಕೆ ರಿಯಲ್‌ಟೈಮ್ ಪಿಸಿಆರ್ ಪಾಸಿಟಿವ್, ಸಿಟಿ ಸಂಖ್ಯೆ 24. ಅಡ್ರಿನಲ್‌ನಲ್ಲಿ 25, ಮಾಸಿನ ಗುಂಡಿಯಲ್ಲಿ 29. ಸಿಟಿ ಕಡಿಮೆಯಾದಷ್ಟೂ ವೈರಸ್ ಹೆಚ್ಚು. ಮಾಸಿಗಿಂತ ಒಳಗಿನ ಅಂಗದಲ್ಲೇ ವೈರಸ್ ಹೆಚ್ಚಿರುವುದರಿಂದ ಹೊರಗಿನಿಂದ ತಗುಲಿದ ಹೊಲಸೆಂಬ ಶಂಕೆ ದೂರವಾಯಿತು. ಫಾರ್ಮಲಿನ್ ಮಾದರಿಯಲ್ಲಿ ಯಕೃತ್ತಿನ ಅಲ್ಲಲ್ಲಿ, ಅಡ್ರಿನಲ್ ಹೊರಪದರದಲ್ಲಿ, ಜೀವಕೋಶ ಸತ್ತ ಸಣ್ಣ ಸಣ್ಣ ತಾಣಗಳು. ಸುತ್ತ ಉರಿಯೂತದ ಕಣಗಳು ಅತಿ ಕಡಿಮೆ. ಕಣಕೇಂದ್ರದೊಳಗಿನ ವೈರಸ್ ಗುರುತುಗಳು ಕಾಣಲಿಲ್ಲ. ಇಷ್ಟು ಕೊಳೆತ ಭ್ರೂಣದಲ್ಲಿ ಅವು ಕಾಣದಿರುವುದೇ ಹೆಚ್ಚು. ಗಾಯದ ಈ ಬಗೆ ಐಬಿಆರ್‌ಗೆ ತಕ್ಕದ್ದು. ಬೂಷ್ಟಿನದಾಗಿದ್ದರೆ ಮಾಸು ದಪ್ಪಗಾಗಿ ಚರ್ಮದಂತಾಗಿ, ಶಿಲೀಂಧ್ರದ ಎಳೆಗಳು ಕಾಣಬೇಕಿತ್ತು, ಹಾಗಿರಲಿಲ್ಲ.

ಎದೆಗೂಡಿನ ದ್ರವದಲ್ಲಿ ಐಬಿಆರ್ ಪ್ರತಿಕಾಯ ಇರಲಿಲ್ಲ. ಹಸುವಿನಲ್ಲಿ ತಾಯಿಯ ಪ್ರತಿಕಾಯ ಮಾಸು ದಾಟಿ ಭ್ರೂಣಕ್ಕೆ ಹೋಗುವುದಿಲ್ಲ, ಗಿಣ್ಣುಹಾಲಿನಿಂದಷ್ಟೇ ಸಿಗುತ್ತದೆ. ಆದ್ದರಿಂದ ಭ್ರೂಣದ ದ್ರವದಲ್ಲಿ ಯಾವುದೇ ಪ್ರತಿಕಾಯ ಕಂಡರೆ ಅದು ಭ್ರೂಣವೇ ಕಂಡ ಸೋಂಕು. ನಿಯೋಸ್ಪೋರಾ, ಬಿವಿಡಿಗಳಿಗೆ ಈ ಪರೀಕ್ಷೆ ಬಹಳ ಉಪಯುಕ್ತ. ಐಬಿಆರ್‌ನಲ್ಲಿ ಮಾತ್ರ ಭ್ರೂಣ ಪ್ರತಿಕಾಯ ಕಟ್ಟುವಷ್ಟು ಕಾಲ ಬದುಕಿರುವುದಿಲ್ಲ. ಇಲ್ಲವೆಂದು ಬಂದದ್ದಕ್ಕೆ ತೂಕ ಕೊಡಬೇಕಿಲ್ಲ.

ಉಳಿದವು: ನಾಲ್ಕನೇ ಹೊಟ್ಟೆಯ ದ್ರವದಲ್ಲಿ ಬ್ರುಸೆಲ್ಲಾಕ್ಕೆ ಬಣ್ಣ ಹಾಕಿ ನೋಡುವ ಪರೀಕ್ಷೆ, ಪಿಸಿಆರ್ ಎರಡೂ ನೆಗೆಟಿವ್, ಬೇರೆ ಬ್ಯಾಕ್ಟೀರಿಯಾ ಬೆಳೆಯಲಿಲ್ಲ. ಕಂದು ಹಾಕಿದ ದಿನ ರೋಸ್ ಬೆಂಗಾಲ್ ತಪ್ಪಾಗಿ ನೆಗೆಟಿವ್ ಬರಬಹುದಾದ್ದರಿಂದ ಮೂರೂ ಹಸುಗಳಿಗೆ ಮೂರು ವಾರ ಬಿಟ್ಟು ಮತ್ತೆ ಮಾಡಿದ್ದು, ಆಗಲೂ ನೆಗೆಟಿವ್. ಲೆಪ್ಟೊಸ್ಪೈರಾ ಸೂಕ್ಷ್ಮ ಅಂಟುಗಟ್ಟುವ ಪರೀಕ್ಷೆಯಲ್ಲಿ ಕಪಿಲೆಗೆ 1:100 ಬಂತು, ಎರಡನೇ ಸೀರಂನಲ್ಲೂ ಅಷ್ಟೇ, ಭ್ರೂಣದ ಮೂತ್ರಪಿಂಡದ ಪಿಸಿಆರ್ ನೆಗೆಟಿವ್. ಇದು ಎಂದೋ ಸೋಂಕು ಕಂಡ ಗುರುತು, ಈ ಗರ್ಭಪಾತದ ಕಾರಣವಲ್ಲ. ನಿಯೋಸ್ಪೋರಾ ಪ್ರತಿಕಾಯ ತಾಯಿಯಲ್ಲೂ ಇಲ್ಲ, ಮೆದುಳು ಹೃದಯಗಳಲ್ಲಿ ಗಾಯವೂ ಇಲ್ಲ. ಇಡಿಟಿಎ ರಕ್ತದ ಲೇಪದಲ್ಲಿ ಥೈಲೇರಿಯಾ ಕಾಣಲಿಲ್ಲ.

ಗುಲ್ಮ ಮತ್ತು ಥೈಮಸ್‌ನಲ್ಲಿ ಬಿವಿಡಿ ಪಿಸಿಆರ್ ನೆಗೆಟಿವ್. ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: ಬಳಸಿದ ಪ್ರೈಮರ್ (ಪಿಸಿಆರ್‌ನಲ್ಲಿ ವೈರಸ್ಸನ್ನು ಗುರುತಿಸಿ ಹಿಡಿಯುವ ಡಿಎನ್ಎ ತುಣುಕು) ಯಾವುದು? ಭಾರತದಲ್ಲಿ ಬಿವಿಡಿಯ 1 ಮತ್ತು 2ನೇ ಬಗೆಗಳ ಜೊತೆಗೆ ಹೋಬಿ ಮಾದರಿಯ ಪೆಸ್ಟಿವೈರಸ್ (ಬಿವಿಡಿಯ ಕುಲದ್ದೇ ಇನ್ನೊಂದು ವೈರಸ್) ಕೂಡ ವರದಿಯಾಗಿದೆ. ಮೊದಲಿನ ಎರಡಕ್ಕಷ್ಟೇ ಹೊಂದಿಸಿದ ಪರೀಕ್ಷೆ ಮೂರನೆಯದನ್ನು ತಪ್ಪಿಸಬಹುದು. ಎಲ್ಲ ಪೆಸ್ಟಿವೈರಸ್‌ಗಳನ್ನೂ ಹಿಡಿಯುವ ಪ್ರೈಮರ್ ಬಳಸಿದ್ದೆಂದು ಖಾತ್ರಿಯಾದ ಮೇಲೆಯೇ ನೆಗೆಟಿವ್ ಎಂದು ಬರೆದುಕೊಂಡದ್ದು. ಜೊತೆಗೆ ಹದಿನಾಲ್ಕೂ ಜಾನುವಾರುಗಳ ಕಿವಿಯ ಅಂಚಿನ ಚೂರು ತೆಗೆದು ಬಿವಿಡಿ ಆಂಟಿಜನ್ ಎಲೈಸಾ (ಪ್ರತಿಕಾಯವನ್ನಲ್ಲ, ವೈರಸ್ಸಿನ ಅಂಶವನ್ನೇ ಹುಡುಕುವುದು) ಮಾಡಿಸಿದ್ದು. ಯಾವುದೂ ಪಾಸಿಟಿವ್ ಇಲ್ಲ. ಚಿಕ್ಕ ಕರುಗಳಲ್ಲಿ ರಕ್ತಕ್ಕಿಂತ ಕಿವಿಯ ಚೂರು ಮೇಲು, ಏಕೆಂದರೆ ಗಿಣ್ಣುಹಾಲಿನ ಪ್ರತಿಕಾಯ ರಕ್ತದ ಆಂಟಿಜನ್ ಪರೀಕ್ಷೆಯನ್ನು ಮರೆಮಾಚುತ್ತದೆ. ಒಂದಾದರೂ ಪಾಸಿಟಿವ್ ಬಂದಿದ್ದರೆ ಮೂರು ನಾಲ್ಕು ವಾರ ಬಿಟ್ಟು ಮತ್ತೆ ಪರೀಕ್ಷಿಸಬೇಕಿತ್ತು. ಎರಡನೇ ಸಲವೂ ಪಾಸಿಟಿವ್ ಆದರೆ ಸ್ಥಾಯಿ ಸೋಂಕು, ಇಲ್ಲವಾದರೆ ಬಂದು ಹೋದ ಸೋಂಕು.

ಜುಲೈ 25ರಂದು ತೆಗೆದ ತುಂಗೆಯ ಮಾಸಿನಲ್ಲೂ ಐಬಿಆರ್ ಪಿಸಿಆರ್ ಪಾಸಿಟಿವ್, ಆದರೆ ಸಿಟಿ 36. ಇಷ್ಟು ಕ್ಷೀಣ ಗುರುತು, ಅದೂ ಒಂದು ದಿನ ಯೋನಿಯಲ್ಲಿ ಜೋತುಬಿದ್ದ ಮಾಸಿನಲ್ಲಿ ಸಿಕ್ಕದ್ದು, ತಾಯಿಯಲ್ಲಿ ಅಡಗಿದ್ದ ವೈರಸ್ ಗರ್ಭಪಾತದ ಒತ್ತಡಕ್ಕೆ ಎಚ್ಚೆತ್ತದ್ದೂ ಇರಬಹುದು.

ವರದಿಯಲ್ಲಿ ಬರೆದದ್ದು ಹೀಗೆ: ಕಪಿಲೆ, ಐಬಿಆರ್ ಖಚಿತ. ತುಂಗೆ, ಬಹುಮಟ್ಟಿಗೆ ಐಬಿಆರ್. ಗೌರಿ, ಕಾಲ ಮತ್ತು ಕೊಟ್ಟಿಗೆ ಒಂದೇ ಆದ್ದರಿಂದ ಸಂಭಾವ್ಯ, ಪ್ರಯೋಗಾಲಯದ ಆಧಾರವಿಲ್ಲ. ಭದ್ರೆ, ಕಾರಣ ತಿಳಿಯದು. ಐಬಿಆರ್ ಆರಂಭದ ಗರ್ಭವನ್ನೂ ಕಳೆಯಬಲ್ಲದು, ಆದರೆ ಅದು ಗಬ್ಬ ನಿಂತಿತ್ತೆಂಬುದಕ್ಕೇ ದಾಖಲೆ ಇಲ್ಲ. ಎಲ್ಲಕ್ಕೂ ಒಂದೇ ಹೆಸರು ಬರೆಯುವುದು ಸುಲಭ. ಒಳ್ಳೆಯ ಪ್ರಯೋಗಾಲಯಗಳಿಗೆ ಹೋದ ಗರ್ಭಪಾತಗಳಲ್ಲೂ ಅರ್ಧಕ್ಕಿಂತ ಹೆಚ್ಚಿನವು ಕಾರಣ ತಿಳಿಯದೆ ಮುಗಿಯುವುದು ಸಾಮಾನ್ಯ. ಹಾಗಿರುವಾಗ ಸಿಕ್ಕ ಒಂದನ್ನು ಗಟ್ಟಿಯಾಗಿ ಹೇಳಿ, ಸಿಗದ್ದನ್ನು ಸಿಗಲಿಲ್ಲವೆಂದು ಬರೆಯುವುದೇ ಮುಂದಿನ ವರ್ಷ ಇದೇ ಕೊಟ್ಟಿಗೆಗೆ ಬರುವವರಿಗೆ ಉಪಕಾರ.

ಆಮೇಲೆ ಮಾಡಿದ್ದು

ಈ ವೈರಸ್‌ಗೆ ಔಷಧಿ ಇಲ್ಲ. ಕಂದು ಹಾಕಿದ ಹಸುಗಳನ್ನು ಸ್ರಾವ ನಿಲ್ಲುವವರೆಗೆ, ಕನಿಷ್ಠ ಮೂರು ನಾಲ್ಕು ವಾರ, ಬೇರೆ ಕಟ್ಟಲಾಯಿತು. ಹೊದಿಕೆಯುಳ್ಳ ವೈರಸ್ಸಾದ್ದರಿಂದ ಶೇ 4ರ ತೊಳೆಯುವ ಸೋಡಾ ನೀರು, ಬ್ಲೀಚಿಂಗ್ ನೀರು ಇವಕ್ಕೆ ಬೇಗ ಸಾಯುತ್ತದೆ. ಆದರೆ ಸಗಣಿ ಮೆತ್ತಿದ ಸೊಪ್ಪಿನ ಹಾಸಿನ ಮೇಲೆ ಸುರಿದರೆ ಏನೂ ಆಗದು. ಮೊದಲು ಸೊಪ್ಪು, ದರಕು ಎಲ್ಲ ತೆಗೆದು ಗೊಬ್ಬರಗುಂಡಿಯ ಒಂದು ಬದಿಗೆ ಒಟ್ಟಿ ಮಣ್ಣು ಮುಚ್ಚಿ, ನೆಲ ತೊಳೆದು, ಆಮೇಲೆ ಸೋಡಾ ನೀರು. ಭ್ರೂಣದ ಉಳಿಕೆಯನ್ನು ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿ, ತೋಟಕ್ಕೆ ಹರಿವ ನೀರಿನ ದಾರಿ ತಪ್ಪಿಸಿ, ಆಳವಾಗಿ ಸುಣ್ಣ ಹಾಕಿ ಹುಗಿಯಲಾಯಿತು. ಮಾಸನ್ನು ಹಾಲು ಬರುವ ಮರಕ್ಕೆ ಕಟ್ಟುವ ರೂಢಿ ನಮ್ಮಲ್ಲಿದೆ. ಕಂದು ಹಾಕಿದ ದನದ ಮಾಸನ್ನು ಹಾಗೆ ಕಟ್ಟಲೇಬಾರದು. ಕಾಗೆ, ನಾಯಿ ಊರಿಗೆಲ್ಲ ಹಂಚುತ್ತವೆ.

ಪ್ರತಿಕಾಯವಿರುವ ಏಳೂ ಜೀವಮಾನದ ವಾಹಕಗಳು. ಅವನ್ನು ಕೊಟ್ಟಿಗೆಯಿಂದ ತೆಗೆಯುವ ಮಾತು ಇಲ್ಲಿ ನಡೆಯದು, 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆ ಇರುವಾಗ ಅಂಥ ದಾರಿಯೂ ಇಲ್ಲ, ಮಾರಿದರೆ ರೋಗ ಇನ್ನೊಬ್ಬರ ಮನೆಗೆ ಹೋಗುತ್ತದೆ. ಇಟ್ಟುಕೊಂಡೇ ಬಾಳಬೇಕು. ಅವುಗಳ ಚಿಕಿತ್ಸಾ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ‘ಡೆಕ್ಸಾಮೆಥಾಸೋನ್ ಬೇಡ’ ಎಂದು ಬರೆಯಲಾಯಿತು, ಏಕೆಂದರೆ ಅಡಗಿದ ವೈರಸ್ಸನ್ನು ಎಬ್ಬಿಸಲು ಪ್ರಯೋಗಗಳಲ್ಲಿ ಬಳಸುವುದೇ ಆ ಸ್ಟೀರಾಯ್ಡ್ ಔಷಧಿಯನ್ನು. ಊರ ಹೋರಿಯ ಬದಲು ಪರೀಕ್ಷೆಗೊಳಪಟ್ಟ ಹೋರಿಗಳ ವೀರ್ಯ ಮಾತ್ರ. ದ್ರವ ಸಾರಜನಕದ ಚಳಿ ಈ ವೈರಸ್ಸನ್ನು ಕೊಲ್ಲದು, ಕಾಪಾಡುತ್ತದೆ. ಹೊಸ ದನ ಬಂದರೆ 30 ದಿನ ಬೇರೆ ಮಾಡಿನಲ್ಲಿ, ಬಂದ ದಿನ ಒಮ್ಮೆ, ಮೂರು ನಾಲ್ಕು ವಾರಕ್ಕೆ ಇನ್ನೊಮ್ಮೆ ಎಲೈಸಾ. ಗಿಡ್ಡಗಳ ಮಾಡಿಗೆ ಬೇರೆ ಬಕೆಟ್ಟು, ಬೇರೆ ಹಗ್ಗ, ಅಲ್ಲಿಯ ಕೆಲಸ ಮುಗಿಸಿದ ಮೇಲೆ ದೊಡ್ಡ ಕೊಟ್ಟಿಗೆಗೆ.

ಕಡಸುಗಳೆರಡೂ ಅಕ್ಟೋಬರ್‌ನಲ್ಲಿ ದಿನ ತುಂಬಿ ಕರು ಹಾಕಿದವು. ಕರು ಹಾಕುವುದೂ ವೈರಸ್ ಎಚ್ಚರಗೊಳ್ಳುವ ಕಾಲವಾದ್ದರಿಂದ ಆ ತಿಂಗಳು ಗಿಡ್ಡಗಳನ್ನು ಮನೆಯ ಹತ್ತಿರ ತರಲಿಲ್ಲ. ಗೌರಿ, ಕಪಿಲೆ ಎರಡನೇ ಬೆದೆಗೆ ಗಬ್ಬ ನಿಂತವು. ಮಾಸು ನಿಂತು ಗರ್ಭಕೋಶ ಕೀವಾಗಿದ್ದ ತುಂಗೆಗೆ ಇನ್ನೂ ಚಿಕಿತ್ಸೆ ನಡೆದಿದೆ. ಫೆಬ್ರುವರಿಯಲ್ಲಿ ಮೂರು ಗಿಡ್ಡಗಳ ರಕ್ತ ಮತ್ತೆ ತೆಗೆದಾಗ ಮೂರೂ ನೆಗೆಟಿವ್. ಮುಂದಿನ ಮಾದರಿ ಆಗಸ್ಟ್‌ಗೆ.